ಅಪ್‌ಡೇಟ್: ಹಿಡಕಲ್ ಹಿನ್ನೀರಿನ ಬಳಿಯ ಡೇರೆ ಮತ್ತು ನೊರಜಿನ ಕಾಟ

ಬೆಳಗಾವಿಯ ನಮ್ಮ ಮನೆಗೆ ದೂರವಲ್ಲದ ಹಿಡಕಲ್ ಜಲಾಶಯದ ಹಿನ್ನೀರಿನ ಅಂಚಿಗೆ, ಸೋದರಮಾವನ ಹೊಲದಲ್ಲಿ ಡೇರೆ ಹಾಕಿದಾಗ ಮಕ್ಕಳ ಕೈಕಾಲುಗಳೆಲ್ಲ ದದ್ದೆದ್ದು ಮಧ್ಯರಾತ್ರಿಯೇ ಮರಳಬೇಕಾಯಿತೆಂದೂ, ಸೊಳ್ಳೆಪರದೆ ಇದ್ದರೂ ಹೀಗೇಕಾಯಿತೆಂದೂ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕಳೆದ ಶನಿವಾರ ಮತ್ತೆ ಅಲ್ಲಿಗೇ ಹೋಗಿ ಬಂದೆವು.

ಕಚ್ಚಿದ್ದು ಸೊಳ್ಳೆಯಲ್ಲ, ನೊರಜು ಎಂದು ನಿಮ್ಮಲ್ಲೊಬ್ಬರು ಹೇಳಿದ್ದು ನಿಜವಾಗಿತ್ತು. 1ರಿಂದ 3 ಮಿಲಿಮೀಟರ್ ಉದ್ದದ ಈ ಕೀಟ ಸಾಮಾನ್ಯ ಪರದೆಯ ಕಣ್ಣುಗಳಲ್ಲಿ ಸಲೀಸಾಗಿ ನುಸುಳುತ್ತದೆ. ಒದ್ದೆ ಕೆಸರಿನಲ್ಲಿ ಬೆಳೆಯುವುದರಿಂದ ನೀರು ಇಳಿದ ದಂಡೆಯೇ ಅದರ ತವರು. ಹಾರುವ ಶಕ್ತಿ ಕಡಿಮೆಯಾದ್ದರಿಂದ ಗಾಳಿಗೆ ಅದು ನಿಲ್ಲುವುದಿಲ್ಲ. ಆದ್ದರಿಂದ ಈ ಸಲ ದಂಡೆಯನ್ನು ಬಿಟ್ಟು, ಗಾಳಿ ಬೀಸುವ ದಿನ್ನೆಯ ಮೇಲೆ ಡೇರೆ ಹಾಕಿ, ಒತ್ತಾದ ನೇಯ್ಗೆಯ ಪರದೆ ಕಟ್ಟಿ, ಹೊತ್ತು ಮುಳುಗುವ ಮೊದಲೇ ಮಕ್ಕಳಿಗೆ ತುಂಬುತೋಳಿನ ಬಟ್ಟೆ ತೊಡಿಸಿ, ತೆರೆದ ಚರ್ಮಕ್ಕೆ ಡೀಟ್ ಎಂಬ ಕೀಟ ಓಡಿಸುವ ರಾಸಾಯನಿಕವಿರುವ ಮುಲಾಮು ಹಚ್ಚಿದೆವು (ಚಿಕ್ಕವಳು ಬೆರಳು ಚೀಪುತ್ತಾಳಾದ್ದರಿಂದ ಅವಳ ಕೈಗಳಿಗೆ ಹಚ್ಚಲಿಲ್ಲ). ಅತ್ತೆಯವರು ಬೇವಿನ ಸೊಪ್ಪಿನ ಹೊಗೆಯನ್ನೂ ಹಾಕಿದರು. ಗಾಳಿಗೆ ಹೊಗೆ ಚದುರಿದ್ದರಿಂದ ಅದರಿಂದ ಹೆಚ್ಚಿನ ಪ್ರಯೋಜನವಾಯಿತೆಂದು ನನಗನ್ನಿಸಲಿಲ್ಲ.

ಮಕ್ಕಳಿಬ್ಬರೂ ಬೆಳಗಿನವರೆಗೆ ನೆಮ್ಮದಿಯಿಂದ ಮಲಗಿದರು. ಮುಂಜಾನೆ ನೀರಿನ ಬಳಿ ಹೋದಾಗ ಮಾತ್ರ ಮಗನ ಕಾಲಿಗೆ ನಾಲ್ಕೈದು ಕಡೆ ಕಚ್ಚಿದವು. ಕ್ಯಾಲಮೈನ್ ಹಚ್ಚಿದ ಮೇಲೆ ತುರಿಕೆ ತಗ್ಗಿತು.