ಎಕ್ಸ್‌ರೇ ಕೋಣೆಯಲ್ಲಿ ನಮ್ಮನ್ನು ಬಿಟ್ಟು ಅವರೇಕೆ ಗೋಡೆ ಹಿಂದೆ ಹೋಗುತ್ತಾರೆ?

ಪ್ರಶ್ನೆ (ತಾಯಿ, ನವನಗರ, ಹುಬ್ಬಳ್ಳಿ): ಸರ್, ಮಗನಿಗೆ ಮೂರು ವರ್ಷ. ಕೆಮ್ಮು ಕಡಿಮೆಯಾಗಲಿಲ್ಲ ಅಂತ ಮೊನ್ನೆ ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಟೆಕ್ನಿಷಿಯನ್ ನನಗೆ ಭಾರದ ಏಪ್ರನ್ ಹಾಕಿ, "ಕೈ ಗಟ್ಟಿ ಹಿಡೀರಿ" ಅಂದು ತಾವು ಗೋಡೆ ಹಿಂದೆ ಹೋಗಿಬಿಟ್ಟರು. ಅವರಿಗೆ ಅಪಾಯ ಅಂದಮೇಲೆ ನಮಗಿಲ್ಲವಾ? ಮನೆಗೆ ಬಂದ ಕೂಡಲೇ ಅತ್ತೆ ಇಬ್ಬರಿಗೂ ಸ್ನಾನ ಮಾಡಿ ಅಂದರು!

ಉತ್ತರ (ಎಕ್ಸ್‌ರೇ ಟೆಕ್ನಿಷಿಯನ್, ಧಾರವಾಡ): ಅಕ್ಕಾ, ಸ್ನಾನ ಒಳ್ಳೆಯದೇ. ಆದರೆ ತೊಳೆಯೋಕೆ ಏನೂ ಇರಲಿಲ್ಲ. ಸ್ವಿಚ್ ಒತ್ತಿದಾಗ ಕ್ಷಣಕಾಲ ಕಿರಣ ಬರುತ್ತದೆ, ಆಮೇಲೆ ಇಲ್ಲ. ಮೈಗಾಗಲಿ ಬಟ್ಟೆಗಾಗಲಿ ಅಂಟುವುದಿಲ್ಲ.

ಮೈಗೆ ಬೀಳುವ ಕಿರಣದ ಪ್ರಮಾಣಕ್ಕೆ ಡೋಸ್ ಅನ್ನುತ್ತೇವೆ, ಅದನ್ನು ಅಳೆಯುವುದು ಮಿಲಿಸೀವರ್ಟ್‌ನಲ್ಲಿ. ದೊಡ್ಡವರ ಎದೆಯ ಒಂದು ಫಿಲ್ಮ್‌ಗೆ ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ಸುಮ್ನೆ ಸಿಗುವುದೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4. ಅಂದರೆ ಇದು ಮೂರು ದಿನದ ಪಾಲು. ಮಕ್ಕಳಿಗೆ ಸೆಟ್ಟಿಂಗ್ ಇನ್ನೂ ಇಳಿಸುತ್ತೇವೆ. ನಿಮ್ಮ ಕಡೆ ಬಂದದ್ದು ಮಗುವಿನ ಮೈಗೆ ಬಡಿದು ಚದುರಿದ ಕಿರಣ. ಅದರಲ್ಲೂ ಬಹುಪಾಲನ್ನು ಏಪ್ರನ್ ತಡೆಯುತ್ತದೆ.

ಹಾಗಾದರೆ ಅವರು ಹಿಂದೆ ಹೋದದ್ದೇಕೆ? ನಿಮ್ಮದು ಒಂದು ಫಿಲ್ಮ್. ನಮ್ಮದು ದಿನವಿಡೀ, ವರ್ಷಪೂರ್ತಿ. ಹುಬ್ಬಳ್ಳಿಯಲ್ಲಿ ಕಾಮಣ್ಣನನ್ನು ಸುಡುವಾಗ ಎರಡು ಹೆಜ್ಜೆ ಹಿಂದೆ ಸರಿದರೆ ಝಳ ಎಷ್ಟು ಇಳಿಯುತ್ತದೆ, ಅಲ್ವಾ? ಇಲ್ಲೂ ಹಾಗೇ. ದೂರ ಎರಡು ಪಟ್ಟಾದರೆ ಡೋಸ್ ಅರ್ಧವಲ್ಲ, ಕಾಲು ಭಾಗ.

ನೀವು ಗಟ್ಟಿ ಹಿಡಿದದ್ದೇ ಮಗುವಿಗೆ ದೊಡ್ಡ ಉಪಕಾರ. ಅಲುಗಾಡಿದ್ದರೆ ಫಿಲ್ಮ್ ಮಸುಕಾಗಿ ಇನ್ನೊಂದು ತೆಗೆಯಬೇಕಿತ್ತು, ಡೋಸ್ ಎರಡರಷ್ಟು. ಆದರೆ ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ ಸರಿ, ನೀವು ಹಿಡಿಯಬೇಡಿ. ಮಗುವಿನ ಅಪ್ಪ ಒಳಗೆ ಬರಲಿ. ಇದನ್ನು ಮೊದಲೇ ಕೇಳಬೇಕಾದದ್ದು ಟೆಕ್ನಿಷಿಯನ್. ಕೇಳದಿದ್ದರೆ ತಪ್ಪು ನಮ್ಮವರದೇ.

ಪ್ರಶ್ನೆ (ರೇಡಿಯಾಗ್ರಫಿ ವಿದ್ಯಾರ್ಥಿನಿ, ಗದಗ): ಸರ್, ನಮ್ಮ ಮೈಗೆ ಬಿದ್ದ ಡೋಸ್ ಅಳೆಯೋ ಟಿಎಲ್‌ಡಿ ಬ್ಯಾಡ್ಜ್ ಏಪ್ರನ್ ಒಳಗೋ ಹೊರಗೋ? ಕ್ಲಾಸಿನಲ್ಲಿ ದಿನಾ ಜಗಳ.

ಉತ್ತರ: ಒಳಗೆ ತಂಗಿ, ಎದೆಯ ಮಟ್ಟದಲ್ಲಿ. ಅದು ನಿನ್ನನ್ನು ಕಾಯುವುದಿಲ್ಲ, ಲೆಕ್ಕ ಇಡುತ್ತದೆ ಅಷ್ಟೇ. ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಹೋಗುತ್ತದೆ. ಅಲ್ಲಿ ಬಿಸಿ ಮಾಡಿದಾಗ ಒಳಗಿನ ಬಿಲ್ಲೆ ಬೆಳಕು ಬಿಡುತ್ತದೆ. ಆ ಬೆಳಕು ಅಳೆದು ಡೋಸ್ ಹೇಳುತ್ತಾರೆ. ನಮ್ಮಂಥ ಕೆಲಸದವರಿಗೆ ಎಇಆರ್‌ಬಿ (ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ವರ್ಷವೂ 30 ದಾಟಬಾರದು.

ಹೊಸದರಲ್ಲಿ ನಾನು ಬ್ಯಾಡ್ಜ್ ಸಮೇತ ಏಪ್ರನ್ನನ್ನು ಯಂತ್ರದ ಕೋಣೆಯಲ್ಲೇ ನೇತುಹಾಕಿ ಊಟಕ್ಕೆ ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ಬೇರೆಯವರು ಫಿಲ್ಮ್ ತೆಗೆಯುತ್ತಿದ್ದರು. ರೀಡಿಂಗ್ ಜಾಸ್ತಿ ಬಂತು, ಕಾರಣ ಬರೆದುಕೊಡು ಅಂದರು. ಡೋಸ್ ತಿಂದದ್ದು ಗೋಡೆಯ ಮೊಳೆ, ಬೈಸಿಕೊಂಡದ್ದು ನಾನು.