ಸಹಾಯ ಬೇಕು: ವೆಬ್‌ಸೈಟ್‌ಗೆ ಎರಡು ಕೊಟೇಶನ್, ಡೊಮೇನ್ (ಸೈಟ್‌ನ ವಿಳಾಸ) ಯಾರ ಕೈಲಿರಬೇಕು?

ಶಿವಮೊಗ್ಗ ಕಡೆಯ ಅಡಿಕೆ ಹಾಳೆ ತಟ್ಟೆ ಘಟಕಕ್ಕೆ 12 ಪುಟದ ವರ್ಡ್‌ಪ್ರೆಸ್ ಸೈಟ್ ಆಗಬೇಕು, ಕನ್ನಡ-ಇಂಗ್ಲಿಷ್ ಎರಡರಲ್ಲೂ. ಒಬ್ಬ ಡಿಸೈನರ್ 18,000 ಅಂತಾರೆ, ಇನ್ನೊಬ್ಬರು 42,000.

ಇಬ್ಬರ ಹಳೇ ಸೈಟ್‌ಗಳನ್ನೂ ಗೂಗಲ್‌ನ ವೇಗ ಅಳೆಯೋ ಪೇಜ್‌ಸ್ಪೀಡ್‌ನಲ್ಲಿ ಮೊಬೈಲ್‌ಗೆ ಇಟ್ಟು ನೋಡಿದ್ದಾಯ್ತು. ಕಡಿಮೆ ದರದವರದ್ದು ಮುಖ್ಯ ಚಿತ್ರ ಕಾಣೋಕೇ 7 ಸೆಕೆಂಡ್, 2.5ರ ಒಳಗಿರಬೇಕು. 4 ಎಂಬಿ ಫೋಟೊನ ಹಾಗೇ ಏರಿಸಿದ್ದಾರೆ. ಬಿಡಿ, ಅದು ತಿದ್ದಬಹುದಾದ ತಪ್ಪು.

ಗೊಂದಲ ಇಲ್ಲಿ: 18,000ದವರು ಡಾಟ್ ಕಾಮ್ ಡೊಮೇನ್ ತಮ್ಮ ಖಾತೆಯಲ್ಲೇ ಕೊಳ್ತಾರಂತೆ, "ಕೇಳಿದಾಗ ವರ್ಗಾಯಿಸ್ತೀವಿ" ಅಂತಾರೆ. ನೋಂದಣಿಯಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ (ಡೊಮೇನ್ ಮಾರೋ ಕಂಪನಿ) ಒಯ್ಯೋಕಾಗಲ್ಲ, ಆಮೇಲೂ ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ, ಅಂದ್ರೆ ಆಥ್ ಕೋಡ್, ಅವರ ಹತ್ರಾನೇ. 42,000ದವರಲ್ಲಿ ಡೊಮೇನ್ ನಮ್ಮದೇ, ಆದ್ರೆ ಪೇಜ್ ಬಿಲ್ಡರ್ (ಪುಟ ಜೋಡಿಸೋ ಪ್ಲಗಿನ್) ಲೈಸೆನ್ಸ್ ಅವರದು. ಅವರನ್ನ ಬಿಟ್ಟರೆ ಅದರ ಅಪ್‌ಡೇಟ್ ನಿಂತುಹೋಗುತ್ತೆ.

ಡೊಮೇನ್ ನಾವೇ ಕೊಂಡು, ಡಿಎನ್‌ಎಸ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕು ಅನ್ನೋ ಸೆಟ್ಟಿಂಗ್) ಬದಲಿಸೋ ಅಧಿಕಾರ ಮಾತ್ರ 18,000ದವರಿಗೆ ಕೊಟ್ಟರೆ ಸಾಕಾ, ಇಲ್ಲಾ ಸೈಟ್‌ನ ಫೈಲ್‌ಗಳಿರೋ ಹೋಸ್ಟಿಂಗ್ ಖಾತೆಯೂ ನಮ್ಮ ಹೆಸರಲ್ಲೇ ಬೇಕಾ? ಅಡ್ಮಿನ್ ಲಾಗಿನ್, ಪೂರ್ತಿ ಬ್ಯಾಕಪ್ ಕೈಗೆ ಸಿಕ್ಕ ಮೇಲೇ ಕೊನೇ 30% ಕಂತು ಅಂತ ಕರಾರು ಮಾಡಿಕೊಂಡವರಿದ್ದರೆ, ಆ ಷರತ್ತನ್ನ ಯಾವ ಮಾತಲ್ಲಿ ಬರೆಸಿದಿರಿ?