ಮಂಗನ ಕಾಯಿಲೆ: ಜನಾಭಿಪ್ರಾಯ ಸಮೀಕ್ಷೆಗೆ ಸರ್ಕಾರಿ ದುಡ್ಡು ಹಾಕಬೇಕೆ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ, ಸಾಗರ ತಾಲ್ಲೂಕು):
ನಮಸ್ಕಾರ ಸರ್. ಮಂಗನ ಕಾಯಿಲೆ ಬಗ್ಗೆ ಜನ ಏನಂತಾರೆ ಅಂತ ತಿಳಿಯಲು ಏಜೆನ್ಸಿಯಿಂದ ಸಮೀಕ್ಷೆ ಮಾಡಿಸುವ ಮಾತು ನಡೀತಿದೆ. ಅದೇ ದುಡ್ಡಲ್ಲಿ, ಕಾಯಿಲೆ ಹರಡೋ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳೋ ಡೆಪಾ ಎಣ್ಣೆಯನ್ನ ಇನ್ನಷ್ಟು ಹಂಚಬಹುದಲ್ಲ ಅಂತ ಊರವರು ಕೇಳ್ತಾರೆ. ಮಾಡಿಸೋದೇ ಆದರೆ ನೂರು ಮನೆ ಸಾಕಾ?

ಉತ್ತರ (ಸಮೀಕ್ಷಾ ತಜ್ಞ, ಶಿವಮೊಗ್ಗ):
ಮೇಡಂ, ಊರವರು ಕೇಳಿದ್ದು ನ್ಯಾಯವಾಗಿಯೇ ಇದೆ. ಸಮೀಕ್ಷೆಯ ಉತ್ತರ ಬಂದ ಮೇಲೆ ಯಾವ ತೀರ್ಮಾನ ಬದಲಾಗುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆದುಕೊಡಲು ಹೇಳಿ. ಬರೆಯಲಾಗದಿದ್ದರೆ ದುಡ್ಡು ಎಣ್ಣೆಗೇ ಹೋಗಲಿ. ‘ಜಾಗೃತಿಯ ಮಟ್ಟ ಅರಿಯಲು’ ಎಂದರೆ ಸಾಲದು. ಈ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದದ್ದು, 2019ರಲ್ಲಿ ನಿಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳೂ ಆದವು. ಇಲ್ಲಿನವರಿಗೆ ಅದರ ಹೆಸರು ಗೊತ್ತೇ ಎಂದು ಕೇಳಲು ಖರ್ಚು ಬೇಡ.

ತಿಳಿಯಬೇಕಾದ್ದು, ಹಂಚಿದ ಎಣ್ಣೆ ಕೈಕಾಲಿಗೆ ಹತ್ತುತ್ತಿದೆಯೋ ಕಪಾಟಿನಲ್ಲೇ ಕೂತಿದೆಯೋ ಎಂಬುದು. ಕೂತಿದ್ದರೆ ಇನ್ನಷ್ಟು ಹಂಚಿ ಫಲವಿಲ್ಲ. ಲಸಿಕೆಯದೂ ಇದೇ ಕಥೆ. ಹಳೆಯ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6–9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷ ಮತ್ತೊಂದು ಬೇಕಿತ್ತು. ಚುಚ್ಚಿದ ಜಾಗದ ನೋವು ಬೇರೆ. ಎಷ್ಟೋ ಜನ ನಡುವೆಯೇ ಬಿಟ್ಟರು. ಹೊಸ ಲಸಿಕೆ ಬಂದಾಗ ಎಲ್ಲಿ, ಯಾವ ಹೊತ್ತಿಗೆ ಕೊಟ್ಟರೆ ಜನ ಬರುತ್ತಾರೆ ಎಂದು ಈಗಲೇ ಕೇಳಿಟ್ಟರೆ ದುಡ್ಡು ಸಾರ್ಥಕ.

ನೂರು ಮನೆ ಸಾಲದು. ಸಮೀಕ್ಷೆಯ ಶೇಕಡಾವಾರು ಅಂಕಿ ನೂರರಲ್ಲಿ 95 ಸಲ ನಿಜಕ್ಕಿಂತ 5 ಅಂಶದಷ್ಟರೊಳಗೇ ಆಚೀಚೆ (±5) ಇರಬೇಕಾದರೆ 384 ಮನೆ ಬೇಕು. ಒಂದೇ ಕೇರಿಯವರ ಉತ್ತರ ಒಂದೇ ತರಹ ಇರುವುದರಿಂದ ಒಂದೂವರೆ ಪಟ್ಟು, ಅಂದರೆ 576. ಹತ್ತರಲ್ಲೊಬ್ಬರು ಸಿಗುವುದಿಲ್ಲ ಎಂದಿಟ್ಟರೆ 640. ಇದನ್ನು 64 ಕೇರಿಗಳಲ್ಲಿ ಹತ್ತತ್ತು ಮನೆ ಎಂದು ಹಂಚಿ. 32 ಕೇರಿಯಲ್ಲಿ ಇಪ್ಪತ್ತಿಪ್ಪತ್ತು ಅಂದರೆ ಪ್ರಯಾಣ ಉಳಿಯುತ್ತದೆ, ನಿಖರತೆ ಹೋಗುತ್ತದೆ. ಏಜೆನ್ಸಿಗಳು ಇಲ್ಲೇ ಒತ್ತಾಯ ಮಾಡುವುದು, ಒಪ್ಪಬೇಡಿ. ಇದರಲ್ಲಿ ದರಕಿಗೆ (ಉದುರಿದ ಒಣ ಎಲೆಗೆ), ಸೌದೆಗೆ ಕಾಡಿಗೆ ಹೋಗುವವರು 150 ಜನ ಮಾತ್ರ ಸಿಕ್ಕರೆ ಅವರ ಅಂಕಿಯಲ್ಲಿ ಕನಿಷ್ಠ ±8 ಏರುಪೇರು. ಹಾಗಾಗಿ ಕಾಡಂಚಿನ ಕೇರಿಗಳನ್ನೇ ಹೆಚ್ಚು ಆರಿಸಿ, ಒಟ್ಟು ಲೆಕ್ಕ ಹಾಕುವಾಗ ಊರಿನಲ್ಲಿ ಅವುಗಳ ನಿಜವಾದ ಪಾಲು ಎಷ್ಟೋ ಅಷ್ಟಕ್ಕೇ ಅವುಗಳ ತೂಕ ಇಳಿಸಬೇಕು.

ಮಲೆನಾಡಿನಲ್ಲಿ ಮನೆಗಳು ದೂರ ದೂರ. ಒಬ್ಬರಿಗೆ ದಿನಕ್ಕೆ ಆರು ಮನೆ ಎಂದರೂ ಸುಮಾರು 107 ಆಳುದಿನ. ಅದರ ಮೇಲೆ ಎರಡು ದಿನದ ತರಬೇತಿ, 30 ಮನೆಯ ಪ್ರಾಯೋಗಿಕ ಸುತ್ತು, ಹತ್ತನೇ ಒಂದು ಭಾಗ ಮನೆಗಳಿಗೆ ಬೇರೆಯವರಿಂದ ಮರುಭೇಟಿ. ಮರುಭೇಟಿಯ ದುಡ್ಡು ಕಡಿಯುವ ಅಂದಾಜುಪಟ್ಟಿಯನ್ನು ಬದಿಗಿಡಿ. ಕೂತಲ್ಲೇ ಫಾರಂ ತುಂಬಿದ್ದು ಸಿಕ್ಕಿಬೀಳುವುದು ಅಲ್ಲಿಯೇ.

ಪ್ರಶ್ನೆ (ಅದೇ ಸದಸ್ಯೆ):
ನಮ್ಮ ಆಶಾ ಕಾರ್ಯಕರ್ತೆಯರೇ ಕೇಳಿದರೆ ಖರ್ಚು ಉಳಿಯೋದಿಲ್ವಾ ಸರ್? ಫೋನಲ್ಲಿ ಕೇಳಬಹುದಾ?

ಉತ್ತರ:
ಆಶಾ ಮನೆ ತೋರಿಸಲಿ, ಪ್ರಶ್ನೆ ಕೇಳುವುದು ಬೇಡ. ಎಣ್ಣೆ ಕೊಟ್ಟವರೇ ‘ಹಚ್ಚಿದ್ರಾ’ ಎಂದರೆ ದಾಕ್ಷಿಣ್ಯಕ್ಕೆ ಎಲ್ಲರೂ ಹೌದು ಅಂತಾರೆ. ಪ್ರಶ್ನೆಯೂ ಹಾಗಿರಬಾರದು. ‘ಕೊನೇ ಸಲ ಬೆಟ್ಟಕ್ಕೆ ಹೋಗಿದ್ದು ಯಾವಾಗ? ಆವತ್ತು ಹೊರಡೋ ಮುಂಚೆ ಏನೇನು ಹಚ್ಚಿಕೊಂಡ್ರಿ?’ ಎಂದು ಕೇಳಿ, ಬಾಟಲಿ ತೋರಿಸಲು ಹೇಳಿ, ಎಷ್ಟು ಉಳಿದಿದೆ ಎಂದು ಬರೆದುಕೊಳ್ಳಿ.

ಫೋನ್ ಬೇಡ. ನೆಟ್‌ವರ್ಕ್ ಸಿಗದ ಮನೆಗಳೇ ಕಾಡಿಗೆ ಹತ್ತಿರ ಇರುವುದು. ಏಪ್ರಿಲ್ ಕೊನೆ, ಮೇ ಸರಿಯಾದ ಕಾಲ. ಕಾಯಿಲೆಯ ಹಂಗಾಮು ಮುಗಿಯುತ್ತಾ ಬಂದಿರುತ್ತದೆ, ನೆನಪು ಹಸಿಯಾಗಿರುತ್ತದೆ, ಮಳೆ ಹಿಡಿದಿರುವುದಿಲ್ಲ. ಅಡಿಕೆ ಕೊಯ್ಲಲ್ಲಿ ಹೋದರೆ ಮನೆಯಲ್ಲಿ ಯಾರೂ ಸಿಗಲ್ಲ.

ಪ್ರಶ್ನೆ (ನಿವೃತ್ತ ಶಿಕ್ಷಕ, ತೀರ್ಥಹಳ್ಳಿ):
ವರದಿ ಕೊನೆಗೆ ಕಪಾಟು ಸೇರುತ್ತೆ. ಅದಕ್ಕೇನು ದಾರಿ?

ಉತ್ತರ:
ಕಾರ್ಯಾದೇಶದಲ್ಲೇ ಬರೆಸಬೇಕು ಸರ್. ಕೆನಡಾದಲ್ಲಿ ಒಕ್ಕೂಟ ಸರ್ಕಾರ ಹಣ ಕೊಟ್ಟ ಜನಾಭಿಪ್ರಾಯ ಸಂಶೋಧನೆಯ ವರದಿಯನ್ನು, ಕ್ಷೇತ್ರಕಾರ್ಯ ಮುಗಿದ ಆರು ತಿಂಗಳೊಳಗೆ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರಕ್ಕೆ ಒಪ್ಪಿಸಲೇಬೇಕೆಂದು ಕಾನೂನಿದೆ. ಗುತ್ತಿಗೆಯ ಮೊತ್ತವೂ ವರದಿಯಲ್ಲೇ ಇರುತ್ತದೆ. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಆಧಾರದಲ್ಲಿ ಸ್ವಯಂ ಪ್ರಕಟಣೆ ಕೇಳಬಹುದು. ಕೊನೆಯ ಕಂತಿನ ಪಾವತಿಯನ್ನು ಕನ್ನಡ ಪ್ರಶ್ನಾವಳಿ, ಹೆಸರು ತೆಗೆದ ಮೂಲ ದತ್ತಾಂಶ, ಗ್ರಾಮಸಭೆಯಲ್ಲಿ ಓದಬಹುದಾದ ಎರಡು ಪುಟದ ಸಾರ, ಮೂರೂ ಕೈಸೇರುವವರೆಗೆ ತಡೆಹಿಡಿಯಿರಿ. ಬರೀ ಬಣ್ಣದ ಚಿತ್ರಗಳ ಪಿಡಿಎಫ್ ಕೊಟ್ಟರೆ ಬಿಲ್ ಪಾಸು ಮಾಡಬಾರದು.